ಹೇಳುವ ದರ, ಕುದುರುವ ದರ

ಮನೆ ಮಾರುವವರು ಹೇಳುವ ದರಕ್ಕೂ ಕೊನೆಗೆ ವ್ಯವಹಾರ ಕುದುರುವ ದರಕ್ಕೂ ಅಂತರ ಇರುವುದು ಎಲ್ಲ ಊರಿನ ಸಂಗತಿ. ಬಾಗಲಕೋಟೆ ಜಿಲ್ಲೆಯಲ್ಲಿ ಆ ಅಂತರಕ್ಕೆ ಊರಿಗೊಂದು ಕಾರಣವಿದೆ. ಬಾಗಲಕೋಟೆಯಲ್ಲಿ ಮುಳುಗಡೆ ಪರಿಹಾರದ ಮೊತ್ತ, ಬಾದಾಮಿಯಲ್ಲಿ ಪ್ರವಾಸಿಗರ ಮೇಲಿನ ಭರವಸೆ, ಹುನಗುಂದದಲ್ಲಿ ಹೆದ್ದಾರಿ, ಇಳಕಲ್‌ನಲ್ಲಿ ಗ್ರಾನೈಟ್ ಮತ್ತು ಮಗ್ಗ: ಮಾಲೀಕರ ಬಾಯಲ್ಲಿ ಬರುವ ಅಂಕಿ ಬಹುಮಟ್ಟಿಗೆ ಇಂಥದ್ದೊಂದರಿಂದ ಹುಟ್ಟಿರುತ್ತದೆ. ಕೊಳ್ಳುವವರು ಅಂಕಿಯ ಜೊತೆ ಗುದ್ದಾಡುವುದನ್ನು ಬಿಟ್ಟು, ಅದು ಎಲ್ಲಿಂದ ಬಂತು ಎಂಬುದನ್ನು ಹಿಡಿದರೆ ಮಾತು ಬೇಗ ಹದಕ್ಕೆ ಬರುತ್ತದೆ.

ತನ್ನದು ಎಂದಾದ ಕೂಡಲೇ ವಸ್ತುವಿನ ಬೆಲೆ ಒಡೆಯನ ಕಣ್ಣಲ್ಲಿ ಏರುತ್ತದೆ ಎಂಬುದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 1980ರಲ್ಲೇ ಬರೆದಿದ್ದರು. ಡೇನಿಯಲ್ ಕಾನೆಮನ್ ಮತ್ತು ಜ್ಯಾಕ್ ನೆಚ್ ಜೊತೆ ಸೇರಿ ಅವರು 1990ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಸರಳ. ಅರ್ಧ ಮಂದಿ ವಿದ್ಯಾರ್ಥಿಗಳಿಗೆ ಕಾಫಿ ಮಗ್ಗು ಕೊಟ್ಟು ಮಾರಲು ಹೇಳಿದರು, ಉಳಿದವರಿಗೆ ಕೊಳ್ಳಲು ಹೇಳಿದರು. ಮಗ್ಗು ಕೈಗೆ ಬಂದು ಕೆಲವೇ ನಿಮಿಷವಾಗಿದ್ದವರು ಕೇಳಿದ ಬೆಲೆ, ಕೊಳ್ಳುವವರು ಕೊಡಲು ಒಪ್ಪಿದ ಬೆಲೆಯ ಸುಮಾರು ಎರಡು ಪಟ್ಟಿತ್ತು. ಬೋಸ್ಟನ್ ನಗರದ ಫ್ಲ್ಯಾಟ್‌ಗಳ ಬಗ್ಗೆ ಡೇವಿಡ್ ಜೆನೆಸೋವ್ ಮತ್ತು ಕ್ರಿಸ್ಟೋಫರ್ ಮೇಯರ್ 2001ರಲ್ಲಿ ಪ್ರಕಟಿಸಿದ ಅಧ್ಯಯನ ಮನೆ ಮಾರುಕಟ್ಟೆಯನ್ನೇ ನೋಡಿತು. ಕೊಂಡ ಬೆಲೆಗಿಂತ ಕಡಿಮೆಗೆ ಮಾರಬೇಕಾದವರು ಬೇರೆಯವರಿಗಿಂತ ಹೆಚ್ಚಿನ ದರ ಹೇಳುತ್ತಿದ್ದರು. ಅವರಿಗೆ ಸ್ವಲ್ಪ ಹೆಚ್ಚಿನ ಬೆಲೆ ಸಿಕ್ಕಿದ್ದೂ ನಿಜ. ಆದರೆ ಅವರ ಮನೆಗಳು ಹೆಚ್ಚು ಕಾಲ ಮಾರಾಟವಾಗದೆ ಉಳಿದವು.

ಉತ್ತರ ಕರ್ನಾಟಕದ ಮನೆಗಳಲ್ಲಿ ಈ ಸ್ವಭಾವಕ್ಕೆ ಇನ್ನೆರಡು ಸಂಗತಿ ಕೂಡಿಕೊಳ್ಳುತ್ತವೆ. ಒಂದು, ಕಟ್ಟಿಸಿದ ಖರ್ಚು. ಸಾಗವಾನಿ ಬಾಗಿಲು, ದೇವರ ಕೋಣೆಯ ಕೆತ್ತನೆ, ಬೋರಿನ ಆಳ ಎಲ್ಲವೂ ಮಾಲೀಕರ ಲೆಕ್ಕದಲ್ಲಿ ಅಂದಿನ ಹಣಕ್ಕೆ ಇಂದಿನ ಬಡ್ಡಿ ಸೇರಿ ಕುಳಿತಿರುತ್ತವೆ. ಇನ್ನೊಂದು, ಹಿಸೆ. ತಂದೆಯ ಮನೆಯನ್ನು ನಾಲ್ವರು ಹಂಚಿಕೊಳ್ಳಬೇಕಿದ್ದು, ತಲೆಗೆ ಹದಿನೈದು ಲಕ್ಷವಾದರೂ ಬರಲಿ ಎಂದುಕೊಂಡರೆ ಮನೆಯ ಬೆಲೆ ಅರವತ್ತು ಲಕ್ಷವಾಗುತ್ತದೆ. ಆ ಅರವತ್ತಕ್ಕೂ ಓಣಿಯ ದರಕ್ಕೂ ಸಂಬಂಧವೇ ಇರುವುದಿಲ್ಲ. ಇಂಥಲ್ಲಿ ಒಬ್ಬರೊಡನೆ ಚೌಕಾಸಿ ಮಾಡಿ ಪ್ರಯೋಜನವಿಲ್ಲ. ಐದು ಲಕ್ಷ ಇಳಿಸುವ ಅಧಿಕಾರ ಎದುರು ಕುಳಿತವರಿಗೆ ಇರುವುದೇ ಅನುಮಾನ.

ಬಾಗಲಕೋಟೆಯ ಕಥೆ ಬೇರೆ ಯಾವ ಊರಿಗೂ ಇಲ್ಲ. ಆಲಮಟ್ಟಿ ಜಲಾಶಯಕ್ಕೆ 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದಾಗಿನಿಂದ ಊರಿನ ಮನೆಗಳ ಬೆಲೆಗೆ ಹಿನ್ನೀರಿನ ಮಟ್ಟವೇ ಅಳತೆಗೋಲು. ಮುಳುಗುವ ಊರಿಗೆ ಬದಲಾಗಿ ನವನಗರವನ್ನು ರೂಪಿಸಿದವರು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಸೆಕ್ಟರ್ ಲೆಕ್ಕದಲ್ಲಿ ಅದನ್ನು ಬೆಳೆಸಿದ್ದು ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ. ಸುಪ್ರೀಂ ಕೋರ್ಟ್ 2000ದಲ್ಲಿ ನೀರಿನ ಮಟ್ಟವನ್ನು 519.60 ಮೀಟರಿಗೆ ಸೀಮಿತಗೊಳಿಸಿತು. ಬ್ರಿಜೇಶ್ ಕುಮಾರ್ ನೇತೃತ್ವದ ಕೃಷ್ಣಾ ಜಲವಿವಾದ ನ್ಯಾಯಾಧಿಕರಣ 2010ರ ಡಿಸೆಂಬರ್‌ನಲ್ಲಿ ಅದನ್ನು 524.256 ಮೀಟರಿಗೆ ಏರಿಸಲು ಒಪ್ಪಿತು. ನಡುವಿನ ಸುಮಾರು ಐದು ಮೀಟರಿನ ಒಳಗೆ ಬರುವ ಓಣಿಗಳಲ್ಲಿ ಮನೆಗೆ ಎರಡು ಬೆಲೆ: ಇವತ್ತು ಮಾರಿದರೆ ಬರುವುದು, ಮುಂದೆ ಸರ್ಕಾರ ಕೊಡಬಹುದಾದದ್ದು. ಮಾಲೀಕರು ಹೇಳುವುದು ಎರಡನೆಯದನ್ನು.

ಪರಿಹಾರದ ಮೊತ್ತ ಮಾರುಕಟ್ಟೆ ಬೆಲೆ ಅಲ್ಲ ಎಂಬುದನ್ನು ಕಾನೂನೇ ಬಿಡಿಸಿ ಹೇಳುತ್ತದೆ. 2014ರ ಜನವರಿ 1ರಿಂದ ಜಾರಿಯಲ್ಲಿರುವ ಭೂಸ್ವಾಧೀನ ಕಾಯ್ದೆಯಂತೆ ಮೊದಲು ಜಾಗದ ಮಾರುಕಟ್ಟೆ ಬೆಲೆ ಕಟ್ಟುತ್ತಾರೆ, ಕಟ್ಟಡದ ಬೆಲೆ ಕೂಡಿಸುತ್ತಾರೆ, ಆಮೇಲೆ ಅಷ್ಟೇ ಮೊತ್ತವನ್ನು ಸೊಲೇಶಿಯಂ ಎಂದು ಮತ್ತೊಮ್ಮೆ ಸೇರಿಸುತ್ತಾರೆ. ಒಲ್ಲೆ ಎನ್ನಲು ಅವಕಾಶವಿಲ್ಲದೆ ಮನೆ ಬಿಡುವವರಿಗೆ ಕೊಡುವ ಹಣ ಅದು. ಪಟ್ಟಣದೊಳಗೆ ಪಕ್ಕದ ಮನೆಯವರಿಗೆ ಎಪ್ಪತ್ತು ಲಕ್ಷದ ಅವಾರ್ಡ್ ಆಗಿದ್ದರೆ ಅದರಲ್ಲಿ ಅರ್ಧದಷ್ಟು ಸೊಲೇಶಿಯಂ. ಸ್ವಇಚ್ಛೆಯಿಂದ ಮಾರುವವರು ಆ ಅರ್ಧವನ್ನು ಕೊಳ್ಳುವವರ ಕಿಸೆಯಿಂದ ಕೇಳುವುದಕ್ಕೆ ಆಧಾರವಿಲ್ಲ. ಇನ್ನೂ ಗಟ್ಟಿಯಾದ ಮಾತೊಂದು ಅದೇ ಕಾಯ್ದೆಯಲ್ಲಿದೆ: 11ನೇ ಕಲಮಿನ ಪ್ರಾಥಮಿಕ ಅಧಿಸೂಚನೆ ಹೊರಟ ಮೇಲೆ ಆ ಆಸ್ತಿಯನ್ನು ಮಾರುವಂತಿಲ್ಲ, ಅದರ ಮೇಲೆ ಬೋಜಾ ಹೊರಿಸುವಂತಿಲ್ಲ. ಹಳೇ ಊರಿನಲ್ಲಿ ಮನೆ ನೋಡುವವರು ದರ ಕೇಳುವ ಮೊದಲೇ ಅಧಿಸೂಚನೆಯ ಪಟ್ಟಿಯಲ್ಲಿ ಸಿಟಿ ಸರ್ವೆ ನಂಬರ್ ಇದೆಯೇ ಎಂದು ನೋಡಬೇಕು.

ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ಮುಳುಗಡೆ ಜಮೀನಿಗೆ ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣಬೇಸಾಯವಾದರೆ 30 ಲಕ್ಷ ರೂಪಾಯಿ ಎಂದು ತೀರ್ಮಾನಿಸಿತು. ನವನಗರದ ಮನೆ ಮಾತುಕತೆಯಲ್ಲೂ ಈಗ ಈ ಅಂಕಿ ಕೇಳಿಬರುತ್ತದೆ. ಎಕರೆಗೆ 40 ಲಕ್ಷ ಎಂದರೆ ಗುಂಟೆಗೆ ಒಂದು ಲಕ್ಷ, ಚದರ ಅಡಿಗೆ 92 ರೂಪಾಯಿಯ ಸುಮಾರು. ಹೊಲದ ಈ ದರಕ್ಕೂ ನಿವೇಶನದ ದರಕ್ಕೂ ಹೋಲಿಕೆಯೇ ಇಲ್ಲ. ಅದರ ಪ್ರಭಾವ ಬೇರೆ ದಾರಿಯಲ್ಲಿ ಬರುತ್ತದೆ: ಹೊಲ ಬಿಟ್ಟವರು ಪರಿಹಾರ ಹಿಡಿದು ಪಟ್ಟಣಕ್ಕೆ ಮನೆ ಹುಡುಕಿಕೊಂಡು ಬಂದಾರು ಎಂಬ ನಿರೀಕ್ಷೆ. ಆ ಹಣ ಎಲ್ಲರ ಕೈಗೂ ಒಮ್ಮೆಗೇ ಬರುವುದಲ್ಲ. ಬರಲಿರುವ ಗಿರಾಕಿಯ ದರವನ್ನು ಇವತ್ತು ಬಂದು ಕುಳಿತವರು ತೆರಬೇಕೇ ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ.

ನವನಗರದಲ್ಲಿ ಕೊಳ್ಳುವವರಿಗೆ ಒಂದು ಅನುಕೂಲವಿದೆ. ನಿವೇಶನಗಳ ಅಳತೆ ಸಿದ್ಧ ಮಾದರಿಯವು, ರಸ್ತೆಯ ಅಗಲ ನಕ್ಷೆಯಲ್ಲಿದೆ. ಒಂದೇ ಸೆಕ್ಟರಿನ ಎರಡು ಮನೆಗಳನ್ನು ಹೋಲಿಸುವುದು ಸುಲಭ. ಮೂಲೆ ನಿವೇಶನ, ಪೂರ್ವ ಬಾಗಿಲು, ಮುಖ್ಯ ರಸ್ತೆ ಇವುಗಳಿಗೆ ಬೆಲೆ ಹೆಚ್ಚು. ಆದರೆ ಹರಾಜಿನಲ್ಲಿ ಹೋದ ಮೂಲೆ ನಿವೇಶನದ ದರವನ್ನು ಒಳರಸ್ತೆಯ ಮನೆಗೆ ಹೇಳುವುದು ರೂಢಿಯಾಗಿಬಿಟ್ಟಿದೆ. ಹಂಚಿಕೆಯಾದ ನಿವೇಶನವಾದರೆ ಹಕ್ಕುಪತ್ರದ ಷರತ್ತುಗಳನ್ನೂ ಓದಬೇಕು.

ಹಳೇ ಊರಿನ ಮಣ್ಣಿನ ಮಾಳಿಗೆಯ ಮನೆಗಳಿಗೆ ಈ ಹೋಲಿಕೆ ನಡೆಯುವುದಿಲ್ಲ. ಕಲ್ಲಿನ ದಪ್ಪ ಗೋಡೆ, ತೊಲೆ, ಜಂತಿ, ಬೆಳಕಿಂಡಿ, ನೆಲದಡಿಯ ಹಗೇವು: ಇವೆಲ್ಲ ಬೇಸಿಗೆಗೆ ತಂಪು, ಕಣ್ಣಿಗೂ ಚೆಂದ, ಆದರೆ ಬ್ಯಾಂಕಿನ ಮೌಲ್ಯಮಾಪಕರು ಅಂಥ ಕಟ್ಟಡಕ್ಕೆ ಹಿಡಿಯುವುದು ಅಲ್ಪ. ಇಂಥಲ್ಲಿ ಜಾಗಕ್ಕೆ ಒಂದು ದರ, ಕಟ್ಟಿಗೆಗೆ ಒಂದು ದರ ಎಂದು ಬೇರೆ ಬೇರೆ ಮಾತಾಡುವುದು ಉತ್ತಮ. ಹಳೆಯ ಸಾಗವಾನಿ ಕಂಬ, ಬಾಗಿಲುಗಳನ್ನು ಮಾಲೀಕರೇ ಬಿಚ್ಚಿಕೊಂಡು ಹೋಗಬಹುದು ಎಂದರೆ ಎಷ್ಟೋ ಸಲ ದರ ತಾನಾಗಿ ಇಳಿಯುತ್ತದೆ. ಅವರು ಬೆಲೆ ಕಟ್ಟಿದ್ದು ಆ ಕಂಬಕ್ಕೇ ಆಗಿರುತ್ತದೆ.

ಬಾದಾಮಿಯಲ್ಲಿ ಮಾತು ಹೋಂಸ್ಟೇಯಿಂದ ಶುರುವಾಗುತ್ತದೆ. ಮೇಣಬಸದಿಗಳು ಕಾಣುವ ಮಾಳಿಗೆ, ಅಗಸ್ತ್ಯ ತೀರ್ಥಕ್ಕೆ ನಾಲ್ಕು ಹೆಜ್ಜೆ, ಮೇಲೆ ಎರಡು ಅಂತಸ್ತು ಏರಿಸಿದರೆ ವರ್ಷವಿಡೀ ಗಿರಾಕಿ ಎಂಬುದು ಮಾಲೀಕರ ವಾದ. ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿ ಈ ವಾದಕ್ಕೆ ಉತ್ತರ ಕೊಡುತ್ತದೆ. ಕೇಂದ್ರ ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ ವಲಯ. ಅಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ, ಇದ್ದುದರ ದುರಸ್ತಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ; ಅಲ್ಲಿ ಕಟ್ಟಲು ಸಕ್ಷಮ ಪ್ರಾಧಿಕಾರದ ಒಪ್ಪಿಗೆ ಪಡೆಯಬೇಕು. ಬಾದಾಮಿಯಲ್ಲಿ ಸ್ಮಾರಕ ಒಂದಲ್ಲ. ಗುಡ್ಡದ ಗುಹೆಗಳು, ಭೂತನಾಥ, ಮಾಲೆಗಿತ್ತಿ ಶಿವಾಲಯ, ಊರ ನಡುವಿನ ಜಂಬುಲಿಂಗೇಶ್ವರ ಗುಡಿ ಹೀಗೆ ವಲಯಗಳು ಒಂದರ ಮೇಲೊಂದು ಬೀಳುತ್ತವೆ. ಒಂದು ಗುಡಿಯಿಂದ ದೂರವಿದೆ ಎಂದು ಸಮಾಧಾನಪಟ್ಟ ಮನೆ ಇನ್ನೊಂದರ 100 ಮೀಟರಿನೊಳಗೆ ಇರಬಹುದು.

ಆದ್ದರಿಂದ ಅಲ್ಲಿ ದರದ ಮಾತಿಗೆ ಮೊದಲು ಅಳತೆಯ ಮಾತು. ಮಾರುವವರು ಹೇಳಿದ್ದು ಎರಡು ಅಂತಸ್ತು ಏರಿಸಬಹುದಾದ ಮನೆಯ ದರ. ಕೊಳ್ಳುವವರಿಗೆ ಸಿಗುವುದು ಇದ್ದಷ್ಟೇ ಇರುವ ಮನೆ. ‘ಕಟ್ಟಡದ ಅನುಮತಿ ತಂದುಕೊಟ್ಟರೆ ನಿಮ್ಮ ದರ, ಇಲ್ಲದಿದ್ದರೆ ನಮ್ಮ ದರ’ ಎಂಬ ಷರತ್ತು ಇಂಥ ಕಡೆ ನ್ಯಾಯವಾಗಿಯೇ ಇರುತ್ತದೆ. ಕರಾರಿನಲ್ಲಿ ಅದನ್ನು ಬರೆಯಲು ಮಾಲೀಕರು ಹಿಂಜರಿದರೆ, ಅನುಮತಿಯ ಕಷ್ಟ ಅವರಿಗೆ ಮೊದಲೇ ಗೊತ್ತಿತ್ತು ಎಂದೇ ತಿಳಿಯಬೇಕು.

ಹುನಗುಂದದ ಸಂಗತಿ ಚಿಕ್ಕದು. ಸೊಲ್ಲಾಪುರ–ಚಿತ್ರದುರ್ಗ ಹೆದ್ದಾರಿ ಊರಿನ ಮಗ್ಗುಲಲ್ಲೇ ಹೋಗುವುದರಿಂದ ಒಳಗಿನ ಓಣಿಯ ಮನೆಗೂ ಹೈವೇ ರೇಟು ಹೇಳುವ ಚಾಳಿ ಬೆಳೆದಿದೆ. ಹೆದ್ದಾರಿಯ ಬೆಲೆ ಅಂಗಡಿ, ಗೋದಾಮು, ಪೆಟ್ರೋಲ್ ಬಂಕ್ ಕಟ್ಟುವವರದು; ವಾಸಕ್ಕೆ ಬರುವವರಿಗೆ ಆ ಗದ್ದಲ ಲಾಭವೇನಲ್ಲ. ಇಲ್ಲಿ ಹೆಚ್ಚು ಗಮನಿಸಬೇಕಾದದ್ದು ನೆಲ. ಎರಿ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಅಡಿಪಾಯ ಗಟ್ಟಿ ನೆಲ ಮುಟ್ಟದ ಮನೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲೇರುವ ಬಿರುಕು ಕಾಣುತ್ತದೆ, ಬಾಗಿಲು ಚೌಕಟ್ಟಿಗೆ ಕಚ್ಚುತ್ತದೆ. ಹೊಸದಾಗಿ ಬಣ್ಣ ಬಳಿದ ಮನೆಯನ್ನು ಏಪ್ರಿಲ್‌ನಲ್ಲೊಮ್ಮೆ, ಮಳೆ ಬಿದ್ದ ಮೇಲೊಮ್ಮೆ ನೋಡುವುದು ಲೇಸು. ಬಿರುಕಿನ ದುರಸ್ತಿಗೆ ಗವಂಡಿಯಿಂದ ಬರೆಸಿಕೊಂಡ ಅಂದಾಜು ಪಟ್ಟಿ ಬಾಯಿಮಾತಿನ ಚೌಕಾಸಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಇಳಕಲ್ ಹುನಗುಂದದಿಂದ ಬೇರೆಯಾಗಿ ತಾಲ್ಲೂಕು ಕೇಂದ್ರವಾದ ಮೇಲೆ ಕಚೇರಿಗಳ ಸುತ್ತಲಿನ ಜಾಗಕ್ಕೆ ಕೋಡು ಬಂತು. ಅದಕ್ಕೂ ಮೊದಲಿನಿಂದ ಅಲ್ಲಿ ಕೆಂಪು ಗ್ರಾನೈಟಿನ ದುಡ್ಡು ಓಡಾಡುತ್ತಿದೆ. ಮನೆಯ ಮುಂಭಾಗಕ್ಕೆ, ಮೆಟ್ಟಿಲಿಗೆ, ಅಡುಗೆ ಕಟ್ಟೆಗೆ ಹಾಸಿದ ಗ್ರಾನೈಟನ್ನು ಮಾಲೀಕರು ಅಡಿ ಲೆಕ್ಕದಲ್ಲಿ ಹೇಳುತ್ತಾರೆ. ಬೆಂಗಳೂರಿನಲ್ಲಿ ದುಬಾರಿಯಾದ ಕಲ್ಲು ಇಳಕಲ್‌ನಲ್ಲಿ ದುಬಾರಿಯಲ್ಲ ಎಂಬುದು ಒಂದು. ಒಮ್ಮೆ ಹಾಸಿದ ಕಲ್ಲು ಮರಳಿ ಮಾರುವ ಸರಕಲ್ಲ ಎಂಬುದು ಇನ್ನೊಂದು. ನೇಕಾರರ ಓಣಿಯ ಹಳೆಯ ಮನೆಗಳಲ್ಲಿ ಕುಣಿ ಮಗ್ಗದ ಕೋಣೆ ಇರುತ್ತದೆ. ಮಗ್ಗ ನಡೆಸುವ ಕುಟುಂಬಕ್ಕೆ ಆ ಕೋಣೆ ಅನ್ನದ ಜಾಗ. ಬೇರೆಯವರಿಗೆ ಅದು ತುಂಬಿಸಿ, ಬಡಿದು, ಹೊಸದಾಗಿ ಪರಸಿ ಹಾಸಬೇಕಾದ ಖರ್ಚು. ಒಂದೇ ಮನೆಗೆ ಇಬ್ಬರು ಗಿರಾಕಿಗಳ ಬೆಲೆ ಬೇರೆ ಬೇರೆಯಾಗುವುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಸೊಸೈಟಿಯ ಸಾಲಕ್ಕೆ ಮನೆ ಒತ್ತೆ ಇದೆಯೇ ಎಂದು ಕೇಳುವುದೂ ಇಲ್ಲಿ ಮರೆಯಬಾರದ ಮಾತು.

ಕಾರಣ ತಿಳಿದ ಮೇಲೆ ಲೆಕ್ಕ. ಬೆಲೆಯನ್ನು ಜಾಗ ಮತ್ತು ಕಟ್ಟಡ ಎಂದು ಒಡೆಯುವುದೇ ಅದರ ಮೊದಲ ಹೆಜ್ಜೆ. ಉದಾಹರಣೆಗೆಂದು ಹಿಡಿದ ಅಂಕಿಗಳಲ್ಲಿ ನೋಡಬಹುದು: 30×40 ನಿವೇಶನ, 1,200 ಚದರ ಅಡಿ; ಆಸುಪಾಸಿನ ವ್ಯವಹಾರ 1,500 ರೂಪಾಯಿಯಂತೆ ನಡೆದಿದ್ದರೆ ಜಾಗಕ್ಕೆ 18 ಲಕ್ಷ. ಸಾವಿರ ಚದರ ಅಡಿಯ ಆರ್‌ಸಿಸಿ ಮನೆಯನ್ನು ಇಂದು 1,800 ರೂಪಾಯಿಯಂತೆ ಕಟ್ಟಿದರೆ ಅದಕ್ಕೂ 18 ಲಕ್ಷ. ಮನೆ ಇಪ್ಪತ್ತು ವರ್ಷ ಹಳೆಯದು. ಆಯುಷ್ಯ ಅರವತ್ತು ವರ್ಷ, ಕೊನೆಗೆ ಉಳಿಯುವ ಬೆಲೆ ಹತ್ತು ಪ್ರತಿಶತ ಎಂದು ಹಿಡಿದರೆ ಸವಕಳಿ 30 ಪ್ರತಿಶತ, ಕಟ್ಟಡದ ಬೆಲೆ 12.6 ಲಕ್ಷ. ಒಟ್ಟು 30.6 ಲಕ್ಷ. ಮಾಲೀಕರು 45 ಹೇಳಿದ್ದರೆ ಉಳಿದ 14.4 ಲಕ್ಷಕ್ಕೆ ಆಧಾರ ಅವರೇ ಹೇಳಬೇಕಾಗುತ್ತದೆ.

ಆಸುಪಾಸಿನ ದರ ತಿಳಿಯಲು ಚಹಾದಂಗಡಿಯ ಸುದ್ದಿ ಸಾಲದು. ಆಸ್ತಿಯ ನೋಂದಾಯಿತ ಖರೀದಿ ಪತ್ರಗಳ ನಕಲನ್ನು ಉಪನೋಂದಣಿ ಕಚೇರಿಯಲ್ಲಿ ಶುಲ್ಕ ಕಟ್ಟಿ ಯಾರು ಬೇಕಾದರೂ ಪಡೆಯಬಹುದು. ಸರ್ಕಾರದ ಮಾರ್ಗಸೂಚಿ ಬೆಲೆ ಕಾವೇರಿ ಜಾಲತಾಣದಲ್ಲಿದೆ. ಪತ್ರದಲ್ಲಿ ಬರೆದ ಮೊತ್ತ ಕೊಟ್ಟ ಹಣಕ್ಕಿಂತ ಕಡಿಮೆ ಇರುವ ರೂಢಿಯಿಂದಾಗಿ ಅದನ್ನು ತಳದ ದರವೆಂದೂ, ದಲಾಲರು ಹೇಳುವುದನ್ನು ಮೇಲಿನ ದರವೆಂದೂ ಹಿಡಿದರೆ ನಿಜ ನಡುವೆ ಎಲ್ಲೋ ಇರುತ್ತದೆ. ದಲಾಲರೂ ಮಾಲೀಕರ ಅಂಕಿಯ ಸೆಳೆತಕ್ಕೆ ಸಿಕ್ಕವರೇ. ಅಮೆರಿಕದ ಟೂಸಾನ್ ನಗರದಲ್ಲಿ ನಡೆದು 1987ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಒಂದೇ ಮನೆಯನ್ನು ತೋರಿಸಿ ಬೇರೆ ಬೇರೆ ಕೇಳಿಕೆ ದರ ಕೊಟ್ಟಾಗ ಅನುಭವಿ ಏಜೆಂಟರ ಅಂದಾಜೂ ಆ ದರದ ಕಡೆಗೇ ವಾಲಿತ್ತು. ಕೇಳಿಕೆ ದರವನ್ನು ಗಮನಿಸಿದೆವು ಎಂದು ಅವರಲ್ಲಿ ಹೆಚ್ಚಿನವರು ಒಪ್ಪಲಿಲ್ಲ.

ಬ್ಯಾಂಕಿನ ಮೌಲ್ಯಮಾಪನ ಕೊಳ್ಳುವವರ ಕೈಯಲ್ಲಿನ ಗಟ್ಟಿ ಕಾಗದ. ಬ್ಯಾಂಕುಗಳು ಕರಾರಿನ ಬೆಲೆ ಮತ್ತು ತಮ್ಮ ಮೌಲ್ಯಮಾಪನ ಎರಡರಲ್ಲಿ ಕಡಿಮೆಯದಕ್ಕೇ ಸಾಲ ಕೊಡುತ್ತವೆ. ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದವರೆಗಿನ ಸಾಲಕ್ಕೆ ಗರಿಷ್ಠ ಮಿತಿ ಬೆಲೆಯ 90 ಪ್ರತಿಶತ. ಮೇಲಿನ ಉದಾಹರಣೆಯ ಮನೆಗೆ ಬ್ಯಾಂಕು 30 ಲಕ್ಷ ಕಟ್ಟಿದರೆ ಸಾಲ ಹೆಚ್ಚೆಂದರೆ 27 ಲಕ್ಷ. ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್, 2025ರ ಆಗಸ್ಟ್ ಕೊನೆಯಿಂದ 2 ಪ್ರತಿಶತಕ್ಕೆ ಏರಿದ ನೋಂದಣಿ ಶುಲ್ಕ ಸೇರಿ ಪಟ್ಟಣದಲ್ಲಿ 7.6 ಪ್ರತಿಶತ ಆಗುತ್ತದೆ. 45 ಲಕ್ಷಕ್ಕೆ ಕೊಂಡರೆ ಕೈಯಿಂದ ಹೊಂದಿಸಬೇಕಾದದ್ದು 21 ಲಕ್ಷ ದಾಟುತ್ತದೆ. 32 ಲಕ್ಷಕ್ಕೆ ಕೊಂಡರೆ ಏಳೂವರೆ ಲಕ್ಷದೊಳಗೆ ಮುಗಿಯುತ್ತದೆ. ಈ ಲೆಕ್ಕವನ್ನು ಮಾಲೀಕರ ಮುಂದೆ ಕಾಗದದ ಮೇಲೆ ಬರೆದು ತೋರಿಸುವುದರಲ್ಲಿ ಸಂಕೋಚಪಡಬೇಕಿಲ್ಲ. ಇವರಿಗಷ್ಟೇ ಅಲ್ಲ, ಸಾಲ ತೆಗೆದು ಬರುವ ಮುಂದಿನ ಗಿರಾಕಿಗೂ ಬ್ಯಾಂಕು ಅಷ್ಟೇ ಕೊಡುತ್ತದೆ ಎಂಬುದು ಅವರಿಗೆ ತಾನಾಗಿ ಹೊಳೆಯುತ್ತದೆ.

ಅಂತರವನ್ನು ನಗದಿನಲ್ಲಿ ತುಂಬಿಸಿ ಎಂಬ ಸಲಹೆ ಹೆಚ್ಚು ಕಡಿಮೆ ಎಲ್ಲ ಮಾತುಕತೆಯಲ್ಲೂ ಬರುತ್ತದೆ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ನಗದನ್ನು ಮುಂಗಡವಾಗಿ ಪಡೆಯುವುದಕ್ಕೆ 2015ರಿಂದ ತಡೆಯಿದೆ. ಪಡೆದಷ್ಟೇ ದಂಡ ಬೀಳಬಹುದು, ಅದೂ ಪಡೆದವರಿಗೆ. ಪತ್ರದಲ್ಲಿ ತೋರಿಸಿದ ಬೆಲೆಗಿಂತ ಮಾರ್ಗಸೂಚಿ ಬೆಲೆ ಹತ್ತು ಪ್ರತಿಶತಕ್ಕೂ ಹೆಚ್ಚಿದ್ದರೆ ಆದಾಯ ತೆರಿಗೆ ಲೆಕ್ಕದಲ್ಲಿ ಮಾರಿದವರಿಗೂ ಕೊಂಡವರಿಗೂ ತೊಡಕು.

ಮಾತಿಗೆ ಕುಳಿತಾಗ ಮನೆಯ ದೋಷ ಎತ್ತಿ ಶುರು ಮಾಡಿದರೆ ಕೆಲಸ ಕೆಡುತ್ತದೆ. ಮಾರುವ ಹಿರಿಯರು ‘ಈ ಮನಿ ನಮ್ಮಪ್ಪ ಕಟ್ಟಿಸಿದ್ದರಿ, ನಲವತ್ತೈದಕ್ಕ ಒಂದ ರೂಪಾಯಿ ಕಡಿಮಿ ಇಲ್ಲ’ ಎಂದಾಗ, ‘ಮನಿ ಚಂದ ಐತ್ರಿ ಯಜಮಾನ್ರ. ಜಾಗಾಕ್ಕ ಎಷ್ಟ ಹಿಡದೀರಿ, ಕಟ್ಟಡಕ್ಕ ಎಷ್ಟ ಹಿಡದೀರಿ, ಒಂದ ಸಲ ಬಿಡಿಸಿ ಹೇಳ್ರಿ’ ಎಂಬ ಪ್ರಶ್ನೆ ಸಾಕು. ಬಿಡಿಸಿ ಹೇಳಲು ಹೊರಟವರು ತಮ್ಮ ಅಂಕಿಯನ್ನು ತಾವೇ ಪರೀಕ್ಷಿಸುತ್ತಾರೆ. ನಡುವೆ ಇಬ್ಬರಿಗೂ ಬೇಕಾದ ಹಿರಿಯರೊಬ್ಬರು ಕುಳಿತಿದ್ದರೆ ಇನ್ನೂ ಒಳ್ಳೆಯದು. ಕೊಳ್ಳುವವರಿಗೆ ಸೋಲದವರು ಹಿರಿಯರ ಮಾತಿಗೆ ಒಂದೆರಡು ಲಕ್ಷ ಬಿಡುವುದುಂಟು, ಅದರಲ್ಲಿ ಮಾನ ಹೋಗುವುದಿಲ್ಲ. ಕಮಿಷನ್ ಮೊತ್ತದ ಮೇಲೆ ನಿಂತಿರುವ ದಲಾಲರಿಂದ ಈ ಕೆಲಸ ಆಗುವುದು ಕಷ್ಟ.

ದರ ಇಳಿಯದಾಗ ದರದ ಸುತ್ತಲಿನದನ್ನು ಮಾತಾಡಬಹುದು. ಹೊಸ ಮನೆ ಮುಗಿಯುವವರೆಗೆ ಆರು ತಿಂಗಳು ಇಲ್ಲೇ ಇರಲು ಬಿಡುವುದು, ಮಗಳ ಮದುವೆಗೆ ಬೇಕಾದ ಹಣವನ್ನು ಚೆಕ್ಕಿನಲ್ಲಿ ಮೊದಲೇ ಕೊಡುವುದು, ದೇವರ ಕೋಣೆಯ ಬಾಗಿಲನ್ನು ಅವರಿಗೇ ಬಿಡುವುದು ಇವು ಎಷ್ಟೋ ಮಾಲೀಕರಿಗೆ ಲಕ್ಷದ ಲೆಕ್ಕಕ್ಕಿಂತ ದೊಡ್ಡವು. ತೆರಿಗೆ ಕಳೆದು ಕೈಗೆ ಉಳಿಯುವುದೆಷ್ಟು ಎಂಬುದನ್ನು ತಮ್ಮ ಲೆಕ್ಕಪರಿಶೋಧಕರಲ್ಲಿ ಕೇಳಲು ಹೇಳುವುದೂ ಉಪಯುಕ್ತ. 2001ರ ಏಪ್ರಿಲ್ 1ಕ್ಕೆ ಮೊದಲು ಮನೆತನಕ್ಕೆ ಬಂದ ಆಸ್ತಿಗೆ ಅಂದಿನ ಮಾರುಕಟ್ಟೆ ಬೆಲೆಯನ್ನೇ ಮೂಲ ಬೆಲೆಯಾಗಿ ಹಿಡಿಯಬಹುದು. ತೆರಿಗೆಯ ಭಯದಿಂದ ದರ ಏರಿಸಿದವರಿಗೆ ಅಷ್ಟು ಭಯ ಬೇಕಿಲ್ಲ ಎಂದು ಗೊತ್ತಾದರೆ ದರವೂ ಸಡಿಲುತ್ತದೆ.

ಇಷ್ಟಾದರೂ ಕೂಡದಿದ್ದರೆ ತನ್ನ ಕೊನೆಯ ದರ ಹೇಳಿ, ಫೋನ್ ನಂಬರ್ ಕೊಟ್ಟು ಎದ್ದು ಬರುವುದು. ಬೆಂಗಳೂರು, ಪುಣೆಯಲ್ಲಿ ನೆಲೆಸಿದ ಮಕ್ಕಳಿಗೆ ಬೀಗ ಹಾಕಿದ ಮನೆಯ ಕರ, ಸೋರುವ ಮಾಳಿಗೆ, ಹಿತ್ತಲ ಜಾಲಿ ವರ್ಷದೊಳಗೆ ಬೇಸರ ತರಿಸುತ್ತವೆ. ಕರೆ ಬಂದಾಗ ಹಳೆಯ ದರಕ್ಕೇ ನಿಲ್ಲುವುದು ಮರ್ಯಾದೆ; ಇನ್ನಷ್ಟು ಇಳಿಸಲು ಹೋದರೆ ಹಿಸೆದಾರರಲ್ಲಿ ಒಬ್ಬರು ಮುನಿದು ಸಹಿ ಹಾಕದೆ ಉಳಿಯಬಹುದು.

ಸಂಚಕಾರ ಕೊಡುವ ಮೊದಲು ಸಹಿ ಮಾಡಬೇಕಾದವರೆಲ್ಲ ಯಾರು ಎಂದು ತಿಳಿದಿರಬೇಕು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಇದೆ, ಕಾಯ್ದೆ ತಿದ್ದುಪಡಿಯಾದ 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಪಿತ್ತಿದೆ. ಕೊಟ್ಟ ಮನೆಯಲ್ಲಿರುವ ಅಕ್ಕತಂಗಿಯರ ಸಹಿ ಇಲ್ಲದ ಮನೆಗೆ ಯಾವ ದರವೂ ಅಗ್ಗವಲ್ಲ. ಉತಾರ, ಇ-ಖಾತಾ, ಹಿಂದಿನ ಖರೀದಿ ಪತ್ರ, ಋಣಭಾರ ಪತ್ರ ಎಲ್ಲದರಲ್ಲಿ ಅಳತೆ ಮತ್ತು ಹೆಸರು ಒಂದೇ ಇರಬೇಕು. ಬಿ-ಖಾತಾ ಮನೆಯಾದರೆ ಸಾಲ ಸಿಗುವುದು ಕಷ್ಟ. ದರದಲ್ಲಿ ಅದು ಕಾಣಬೇಕು. ಕರಾರು ಪತ್ರದಲ್ಲಿ ಒಪ್ಪಿದ ಬೆಲೆ, ಕೊಟ್ಟ ಮುಂಗಡ, ಖರೀದಿಯ ಗಡುವು, ತಪ್ಪಿದರೆ ಹಣ ಮರಳುವ ಬಗೆ ಬರೆದಿರಬೇಕು. ಕರಾರಿನಿಂದಲೇ ಮನೆ ತಮ್ಮದಾಗುವುದಿಲ್ಲ; ಮಾರುವವರು ತಿರುಗಿಬಿದ್ದರೆ ನ್ಯಾಯಾಲಯಕ್ಕೆ ಹೋಗಲು ಗಡುವಿನ ದಿನದಿಂದ, ಗಡುವು ಬರೆಯದಿದ್ದರೆ ನಿರಾಕರಿಸಿದ್ದು ತಿಳಿದ ದಿನದಿಂದ, ಮೂರು ವರ್ಷ ಅವಕಾಶ. ನೋಂದಣಿಯ ದಿನ ಕೀಲಿಯ ಜೊತೆಗೆ ಮೂಲ ಪತ್ರಗಳು, ನೀರಿನ ಕರ ಮತ್ತು ಹೆಸ್ಕಾಂ ಬಿಲ್ಲಿನ ಬಾಕಿ ಇಲ್ಲದ ರಸೀದಿ ಪಡೆದು, ನಗರಸಭೆ ಅಥವಾ ಪುರಸಭೆಯಲ್ಲಿ ಖಾತೆ ಬದಲಾವಣೆಗೆ ಅರ್ಜಿ ಕೊಡಬೇಕು.